ಹಿಕ್ಕೆ ನೋಡುವ ಕಣ್ಣು

ಇವತ್ತು ಬೆಳಿಗ್ಗೆ ಹೊಲಕ್ಕೆ ಹೋದರೆ ಕುರಿ ಹಿಕ್ಕೆಯ ವಾಸನೆ ಮೂಗಿಗೆ ಬಡಿಯಿತು. ಗೊಬ್ಬರಕ್ಕೆಂದು ಮೂರು ದಿನದಿಂದ ಮಂದೆ ನಿಲ್ಲಿಸಿದ್ದೇವೆ. ಬೇರೆಯವರು ಬೇಕಾದರೆ ಮೂಗು ಮುಚ್ಚಿಕೊಳ್ಳಲಿ, ನನಗೆ ಮಾತ್ರ ಪಕ್ಕದ ಮನೆಯ ಅಜ್ಜಿಯೇ ಎದುರಿಗೆ ಬಂದಂತಾಯಿತು...

ಅಜ್ಜಿ ಕುರಿ ಸಾಕುತ್ತಿದ್ದವಳು. ದಿನಾ ಮಂದೆ ಹೊರಡುವ ಮೊದಲು ದೊಡ್ಡಿಯೊಳಗೆ ಬಗ್ಗಿ ಬಗ್ಗಿ ಹಿಕ್ಕೆ ನೋಡುತ್ತಿದ್ದಳು. ಗುಂಡಗೆ ಉದುರಿದ್ದರೆ ಸರಿ. ಅಂಟಂಟಾಗಿದ್ದರೆ, ನೀರಾಗಿದ್ದರೆ ಆ ಕುರಿಯನ್ನು ಹಿಡಿದು ಬೇರೆ ಕಟ್ಟುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದಿದ್ದ ನನಗೆ ಅದನ್ನು ಕಂಡರೆ ಹೇಸಿಗೆ. ಎಂಥ ದಡ್ಡಿ ನಾನು!

ಆ ವರ್ಷ ನನ್ನ ಮಾವನವರು ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತರಿಸಿ ದಿನಾ ನುಂಗುತ್ತಿದ್ದರು. ಬರಬರುತ್ತಾ ಮುಖ ಬಿಳಿಚಿಕೊಂಡಿತು, ನಾಲ್ಕು ಹೆಜ್ಜೆಗೇ ಏದುಸಿರು. ಕಕ್ಕಸು ತೊಳೆಯುತ್ತಿದ್ದವಳು ನಾನು. ಅವರು ಹೋಗಿಬಂದ ಮೇಲೆ ಎರಡು ಬಕೆಟ್ ನೀರು ಸುರಿದರೂ ಕರ್ರಗೆ ಅಂಟಿಕೊಂಡಿರುತ್ತಿತ್ತು. ಮಾವನ ಮುಂದೆ ಸೊಸೆ ಆ ಮಾತು ಎತ್ತುವುದು ಹೇಗೆ? ಎರಡು ಹೊತ್ತೂ ರಾಗಿಮುದ್ದೆ ಉಣ್ಣುವ ಮನೆ, ಕಪ್ಪಗಾಗದೆ ಇನ್ನೇನು ಎಂದು ಸುಮ್ಮನಿದ್ದೆ. ಒಂದು ದಿನ ಅಜ್ಜಿಯ ಹತ್ತಿರ ನೀರು ಸಾಲುವುದಿಲ್ಲವೆಂದು ಗೊಣಗುತ್ತಾ ಬಾಯಿಬಿಟ್ಟೆ.

ಅಜ್ಜಿ ಗುಡಿಸುವುದನ್ನು ನಿಲ್ಲಿಸಿದಳು. "ಡಾಂಬರಿನಂಗೆ ಮಿಂಚ್ತೈತಾ? ಕೆಟ್ಟ ನಾತಾನಾ?"

ಹೌದೆಂದೆ.

"ಅದು ಮುದ್ದೆ ಅಲ್ಲ ಕಣಮ್ಮ. ನಾನೂ ಮುದ್ದೆನೇ ಉಣ್ಣೋದು. ಒಳ್ಗೆ ರಕ್ತ ಸೋರ್ತೈತೆ. ನನ್ನ ತಮ್ಮಂಗೂ ಇಂಗೇ ಆಗಿತ್ತು, ಯಾರೂ ನೋಡ್ಲಿಲ್ಲ..."

ನೇರವಾಗಿ ಬಂದು ಜಗಲಿಯ ಮೇಲಿದ್ದ ಮಾವನವರನ್ನೇ ಕೇಳಿಬಿಟ್ಟಳು. ಅವರು ಕೆಂಡಾಮಂಡಲವಾದರು. ಅಜ್ಜಿ ಜಗ್ಗಲಿಲ್ಲ. "ನನ್ನ ಕುರಿಗೊಳ್ಗೆ ನಾಚ್ಕೆ ಇಲ್ಲ ಯಜಮಾನ್ರೇ, ಅದ್ಕೇ ಬದುಕ್ಕಂಡವೆ. ಎದ್ದೇಳಿ!"

ಮಧುಗಿರಿಯ ಬಸ್ಸಿಗೆ ತಾನೂ ನಮ್ಮ ಜೊತೆ ಹತ್ತಿದಳು. ಡಾಕ್ಟರ ಮುಂದೆ ಮಾವನವರು "ಸ್ವಲ್ಪ ಸುಸ್ತು" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ಹಿಂದಿನಿಂದ ಅಜ್ಜಿ ಬಣ್ಣ, ಅಂಟು, ನಾತ ಎಲ್ಲವನ್ನೂ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ನಾನು ನಾಚಿಕೆಯಿಂದ ಗೋಡೆ ನೋಡಿದೆ. ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು, ಕರುಳಲ್ಲಿ ಇಳಿದು ಬರುವಷ್ಟರಲ್ಲಿ ಅದೇ ಕಪ್ಪಾಗುತ್ತಿತ್ತು. ಅಂದೇ ತುಮಕೂರಿಗೆ ಕಳಿಸಿದರು. ತಡ ಮಾಡಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಎಂದರು ಅಲ್ಲಿನ ಡಾಕ್ಟರು.

ಎಂಟು ದಿನಕ್ಕೆ ಮಾವನವರು ತಾವೇ ನಡೆದು ಬಸ್ಸಿಳಿದರು. ಬೀದಿಯ ತುದಿಯಲ್ಲೇ ಅಜ್ಜಿ ಕಾದಿದ್ದಳು. ಚೆನ್ನಾಗಿದ್ದೀರಾ ಎಂದು ಕೇಳಲಿಲ್ಲ. "ಬಣ್ಣ ಹೆಂಗೈತೆ?" ಎಂದಳು.

"ಕಪ್ಪೆಲ್ಲ ಹೋಯ್ತು ಕಣಕ್ಕಾ!" ಎಂದು ಮಾವನವರು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಯುದ್ಧ ಗೆದ್ದವಳ ಹಾಗೆ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು ನಕ್ಕಳು. ನನ್ನ ಕಣ್ಣಲ್ಲಿ ನೀರು.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಈಗ ನಮ್ಮ ಹೊಲದಲ್ಲಿರುವುದು ಅವಳದೇ ಮಂದೆ, ಮಗ ನೋಡಿಕೊಳ್ಳುತ್ತಾನೆ. ಇವತ್ತು ನಾನು ಹೋದಾಗ ಎಂಬತ್ತು ದಾಟಿದ ಮಾವನವರು ಕೋಲೂರಿಕೊಂಡು, ಬಗ್ಗಿ ಬಗ್ಗಿ ಹಿಕ್ಕೆ ನೋಡುತ್ತಿದ್ದರು.

"ಲೇ, ಇದು ಅಂಟಂಟಾಗೈತೆ ಕಣ್ಲಾ. ಆ ಮರಿನ ಬೇರೆ ಕಟ್ಟು."

ಅಜ್ಜಿಯ ಮಗ ಮರಿಯನ್ನು ಹಿಡಿದು ಬೇರೆ ಕಟ್ಟಿದ. ಮಾವನವರು ಸರಿಯಾಗಿ ನೋಡಿದರೇ ಎಂದು ಅಜ್ಜಿಯನ್ನು ಕೇಳೋಣವೆಂದರೆ ಅವಳಿಲ್ಲ...