ಕಣ್ಮುಚ್ಚಣ್ಣನ ಕೆಂಪು ದೀಪ

ಕಣ್ಮುಚ್ಚಣ್ಣ ಕಣ್ಣು ಮುಚ್ಚಿದನೆಂದರೆ ಗಾಳಿಯೂ ತುದಿಗಾಲಲ್ಲಿ ನಡೆಯುತ್ತಿತ್ತು ಎಂದು ಅವನ ಅಭಿಮಾನಿಗಳು ಹೇಳುತ್ತಾರೆ. ಗಾಳಿಯ ಮಾತು ಗೊತ್ತಿಲ್ಲ, ಕೊನೆಯ ಸಾಲಿನವರ ಕೆಮ್ಮಂತೂ ನಿಲ್ಲುತ್ತಿತ್ತು. ಮೂವತ್ತು ವರ್ಷಗಳಿಂದ ಅವನ ಕಸುಬು ಇದೊಂದೇ. ಹಾಡುವವರ ಮುಂದೆ ಮೈಕು ನಿಲ್ಲಿಸುವುದು, ಸಭಾಂಗಣದ ಹಿಂದುಗಡೆ ಮಿಕ್ಸರಿನ ಮುಂದೆ ಕೂರುವುದು, ಹೆಡ್‌ಫೋನ್ ಏರಿಸುವುದು, ರೆಕಾರ್ಡಿನ ಗುಂಡಿ ಒತ್ತಿ ಕಣ್ಣು ಮುಚ್ಚುವುದು. ಆಮೇಲೆ ಕೊನೆಯ ಚಪ್ಪಾಳೆ ಅಡಗುವವರೆಗೆ ರೆಪ್ಪೆ ಎತ್ತಿದ್ದನ್ನು ಕಂಡವರಿಲ್ಲ. ಬೆರಳುಗಳು ಮಾತ್ರ ಸಾಲು ಗುಂಡಿಗಳ ಮೇಲೆ ಇರುವೆಗಳಂತೆ ಓಡಾಡುತ್ತಿದ್ದವು.

ಇಷ್ಟು ಸಾಕಾಯಿತು ಜನಕ್ಕೆ. ಮೂರನೇ ಸಾಲಿನವರ ಕೈಗಡಿಯಾರ ಎರಡು ನಿಮಿಷ ಮುಂದಿದೆ ಎಂದು ಬರೀ ಟಿಕ್‌ಟಿಕ್ ಕೇಳಿ ಹೇಳಿದನಂತೆ. ಪಕ್ಕದ ಕೋಣೆಯಲ್ಲಿ ಜೇಡ ಬಲೆ ನೇಯುವ ಸದ್ದಿಗೆ ಕಾರ್ಯಕ್ರಮ ನಿಲ್ಲಿಸಿದನಂತೆ. ಒಂದು ಪತ್ರಿಕೆಯವರು ಅವನ ಬಗ್ಗೆ ಎರಡು ಪುಟ ಬರೆದು, ಕಣ್ಣು ಕಿವಿಯ ವೈರಿ ಎಂಬುದನ್ನು ಈ ಮಹಾನುಭಾವ ಬಲ್ಲ ಎಂದು ಮುಗಿಸಿದ್ದರು. ಅದನ್ನು ಓದಿದ ಮೂವರು ಸೌಂಡಿನವರು ತಾವೂ ಕಣ್ಣು ಮುಚ್ಚಿ ಕೂತು ನೋಡಿದರು. ಒಬ್ಬ ಗೊರಕೆ ಹೊಡೆದ, ಅದು ರೆಕಾರ್ಡೂ ಆಯಿತು.

ಇಂಥ ಕಣ್ಮುಚ್ಚಣ್ಣನಿಗೆ ಒಂದೇ ಒಂದು ಕೊರಗಿತ್ತು. ಊರಿನವರದ್ದೆಲ್ಲ ರೆಕಾರ್ಡ್ ಮಾಡಿದವನಿಗೆ ಸ್ವಂತ ಅಕ್ಕನ ಹಾಡು ಒಂದು ಸಾಲೂ ಸಿಕ್ಕಿರಲಿಲ್ಲ. ಅಕ್ಕ ಶಾಲೆಯೊಂದರಲ್ಲಿ ಹಾಡು ಕಲಿಸಿ ನಿವೃತ್ತಳಾದವಳು. "ನಾನೇನು ಉಪ್ಪಿನಕಾಯಿಯೇನೋ, ಭರಣಿಗೆ ತುಂಬಿಡೋಕೆ? ಕೇಳಬೇಕು ಅನ್ನೋರು ಎದುರಿಗೆ ಬಂದು ಕೂರಲಿ," ಎನ್ನುತ್ತಿದ್ದಳು. ಅದೇ ಅಕ್ಕ ಈ ಸಲ ತಾನೇ ಫೋನು ಮಾಡಿದ್ದಳು. ಗಂಟಲಿನಲ್ಲಿ ಗಂಟು. ಸೋಮವಾರ ಆಸ್ಪತ್ರೆ ಸೇರಬೇಕು, ಮಂಗಳವಾರ ಆಪರೇಷನ್ನು. ಆಮೇಲೆ ಮಾತು ಬರುತ್ತದೆ, ಹಾಡು ಬರುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಭಾನುವಾರ ಮಧ್ಯಾಹ್ನ ಲೈಬ್ರರಿ ಹಾಲಿನಲ್ಲಿ ಹಾಡ್ತೀನಿ. ಒಂದೇ ಸಲ. ನಿನ್ನ ಡಬ್ಬ ತಗೊಂಡು ಬಾ."

ಡಬ್ಬ, ಅಂದರೆ ರೆಕಾರ್ಡು ಮಾಡುವ ಯಂತ್ರ, ಬಂತು. ಜೊತೆಗೆ ಎರಡು ಮೈಕು, ಒಂದು ಅಕ್ಕನಿಗೆ, ಇನ್ನೊಂದು ಪಿಟೀಲು ನುಡಿಸುವ ಭಾವನಿಗೆ. ಸ್ಪೀಕರು ಬೇಡವೆಂದಿದ್ದಳು ಅಕ್ಕ; ಎಂಬತ್ತು ಕುರ್ಚಿಯ ಹಾಲಿಗೆ ಅವಳ ಗಂಟಲೇ ಸಾಕು. ಕಣ್ಮುಚ್ಚಣ್ಣ ಗೋಡೆ ಗಡಿಯಾರ ಇಳಿಸಿ ಟವೆಲಿನಲ್ಲಿ ಸುತ್ತಿಟ್ಟ. ಫ್ಯಾನು ಆರಿಸಿದ. ಪಕ್ಕದ ಕೋಣೆಯ ಫ್ರಿಜ್ಜಿನ ಪ್ಲಗ್ಗು ಕಿತ್ತ. ಹಾಲಿನ ಬೀಗದ ಕೈ ನೋಡಿಕೊಳ್ಳುವ ಹೆಂಗಸು, ಎಲ್ಲರ ಬಾಯಲ್ಲಿ ಬೀಗದಮ್ಮ, ಕುರ್ಚಿ ಜೋಡಿಸುತ್ತಿದ್ದಳು.

"ಸ್ವಲ್ಪ ಹಾಡಕ್ಕ, ದನಿ ಮಟ್ಟ ನೋಡ್ತೀನಿ," ಎಂದು ಗುಂಡಿ ಒತ್ತಿದ. ಡಬ್ಬದ ಮೇಲೆ ಕೆಂಪು ದೀಪ ಹತ್ತಿತು.

"ನೀರು ಬಿಸಿ ಜಾಸ್ತಿ ಆಯ್ತು ಕಣ್ರೀ," ಎಂದಳು ಅಕ್ಕ ಗಂಡನಿಗೆ.

"ನಿನ್ನ ತಮ್ಮ ಮಟ್ಟ ಕೇಳ್ತಿದ್ದಾನೆ, ಕಾವು ಕೇಳ್ತಿಲ್ಲ," ಎಂದ ಭಾವ, ಪಿಟೀಲಿನ ಬಿರಡೆ ತಿರುಗಿಸುತ್ತ.

ಅಷ್ಟರಲ್ಲಿ ಭಾವನ ಮೈಕಿನಲ್ಲಿ ಕರಕರ ಕೇಳಿತು. ಕಣ್ಮುಚ್ಚಣ್ಣ ಹೆಡ್‌ಫೋನ್ ಕಳಚಿ ವೇದಿಕೆಗೆ ಓಡಿದ. ತಂತಿ ಬದಲಾಯಿಸಿದ, ಮೈಕು ಒಂದು ಗೇಣು ಹಿಂದೆ ಸರಿಸಿದ, ಭಾವನ ಜೊತೆ ಅದರ ಬಗ್ಗೆ ಜಗಳವಾಡಿದ, ಬೇರೆ ತಂತಿ ಹುಡುಕಿಕೊಂಡು ಹೊರಗಿನ ವ್ಯಾನಿಗೂ ಹೋಗಿಬಂದ. ಹಿಂತಿರುಗುವಷ್ಟರಲ್ಲಿ ಜನ ಒಳಗೆ ಬರತೊಡಗಿದ್ದರು. ಈ ಗಡಿಬಿಡಿಯಲ್ಲಿ ಒಂದು ಮಾತು ಅವನ ತಲೆಯಿಂದ ಜಾರಿಹೋಗಿತ್ತು. ಕೆಂಪು ದೀಪ ಆಗಿನಿಂದಲೂ ಉರಿಯುತ್ತಲೇ ಇತ್ತು.

ಆ ಡಬ್ಬದ ಸ್ವಭಾವ ಹೀಗೆ: ಗುಂಡಿ ಒಂದು ಸಲ ಒತ್ತಿದರೆ ರೆಕಾರ್ಡು ಶುರು, ಇನ್ನೊಂದು ಸಲ ಒತ್ತಿದರೆ ನಿಂತು ಕಾಯುತ್ತದೆ. ಕಾಯುವಾಗಲೂ ಹೆಡ್‌ಫೋನಿನಲ್ಲಿ ಎಲ್ಲ ಚೆನ್ನಾಗಿಯೇ ಕೇಳುತ್ತಿರುತ್ತದೆ.

ಅಕ್ಕ ಮೊದಲ ಸ್ವರ ಹಿಡಿಯುವ ಮುನ್ನ, ಮೂವತ್ತು ವರ್ಷಗಳ ಸಮಸ್ತ ಕೀರ್ತಿಯೊಡನೆ, ಕಣ್ಮುಚ್ಚಣ್ಣ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಕಣ್ಣು ಮುಚ್ಚಿದ.

ಅಕ್ಕ ಅವತ್ತು ಹಾಡಿದ ಹಾಗೆ ಯಾವತ್ತೂ ಹಾಡಿರಲಿಲ್ಲ. ಎಪ್ಪತ್ತೈದು ನಿಮಿಷ ಅವನ ಬೆರಳುಗಳು ಅವಳ ಉಸಿರಿನ ಹಿಂದೆಯೇ ನಡೆದವು. ಕೊನೆಯ ಹಾಡಿನಲ್ಲಿ ಒಂದು ಕಡೆ ಧ್ವನಿ ಬಿರುಕು ಬಿಟ್ಟಿತು. ಅವಳು ಅಲ್ಲೇ ನಿಂತು ಅದೇ ಸಾಲನ್ನು ಮತ್ತೆ ಮೆಲ್ಲಗೆ ಎತ್ತಿಕೊಂಡಳು. ಕಣ್ಮುಚ್ಚಣ್ಣನ ಮುಚ್ಚಿದ ಕಣ್ಣಿನಿಂದ ನೀರಿಳಿದು ಮಿಕ್ಸರಿನ ಮೇಲೆ ಬಿತ್ತು. ಜನ ಎದ್ದು ನಿಂತರು. ಚಪ್ಪಾಳೆ ಅಡಗಿತು. ಅವನು ಗುಂಡಿ ಒತ್ತಿ ಕಣ್ಣು ಬಿಟ್ಟ.

ಆರಬೇಕಾಗಿದ್ದ ಕೆಂಪು ದೀಪ ಹತ್ತಿತು.

ಅವನು ಅದನ್ನೇ ನೋಡಿದ. ಕೈ ತಪ್ಪಿರಬೇಕು ಎಂದುಕೊಂಡು ಮತ್ತೊಮ್ಮೆ ಒತ್ತಿದ. ದೀಪ ಆರಿತು. ಪಕ್ಕದ ಅಂಕಿ ಮೂವತ್ತೆಂಟು ನಿಮಿಷ ಎನ್ನುತ್ತಿತ್ತು. ಎಪ್ಪತ್ತೈದಲ್ಲ. ಮೂವತ್ತೆಂಟು. ಹಾಡು ಕೇಳಲು ಬಂದವರೊಬ್ಬರು ಬೆನ್ನು ತಟ್ಟಿ, "ಇವತ್ತಿನದು ನಿನ್ನ ಡಬ್ಬದಲ್ಲಿ ಚಿನ್ನದ ಹಾಗೆ ಇರುತ್ತೆ ಬಿಡು," ಎಂದಾಗ ಗರ ಬಡಿದವನಂತೆ ತಲೆಯಾಡಿಸಿದ. ಜೇಡದ ಸದ್ದು ಕೇಳಿದ ಮಹಾನುಭಾವನಿಗೆ ಎದುರಿಗಿದ್ದ ದೀಪ ಕಂಡಿರಲಿಲ್ಲ.

ಹಾಲು ಖಾಲಿಯಾದ ಮೇಲೆ ವೇದಿಕೆಯ ಹತ್ತಿರ ಹೋದ. ಅಕ್ಕ ಶಾಲು ಹೊದ್ದು ಕೂತಿದ್ದಳು.

"ಅಕ್ಕ, ಆಗಿಲ್ಲ."

"ಏನಾಗಿಲ್ಲ?"

"ರೆಕಾರ್ಡ್. ನೀನು ಹಾಡಿದ್ದು ಒಂದು ಸಾಲೂ ಇಲ್ಲ. ದೀಪ ನೋಡಲಿಲ್ಲ ನಾನು."

ಭಾವ ಪಿಟೀಲನ್ನು ಪೆಟ್ಟಿಗೆಗೆ ಇಡುತ್ತಿದ್ದವನು ಹಾಗೇ ಬಗ್ಗಿ ನಿಂತುಬಿಟ್ಟ. ಅಕ್ಕ ತಮ್ಮನ ಮುಖವನ್ನು ನೋಡಿದಳು, ಆಮೇಲೆ ತನ್ನ ಅಂಗೈಯನ್ನು, ಆಮೇಲೆ ಮತ್ತೆ ತಮ್ಮನನ್ನು. ಮತ್ತೆ ಹಾಡು ಎನ್ನುವ ಹಾಗಿರಲಿಲ್ಲ. ಗಂಟಲು ಆಗಲೇ ಗೊಗ್ಗರಾಗಿತ್ತು.

"ಹಾಗಾದ್ರೆ ಅದರಲ್ಲಿ ಇರೋದೇನು?" ಎಂದಳು.

"ಅದಕ್ಕೆ ಮುಂಚಿನದು. ಕುರ್ಚಿ ಎಳೆದಿದ್ದು."

"ಹಾಕು, ಕೇಳೋಣ."

ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟ. ಅದರ ಅಂಚಿನಿಂದ ಸೋರುವ ಸದ್ದು ಅವನಿಗೂ ಕೇಳುತ್ತಿತ್ತು. ಬಿಸಿ ನೀರಿನ ದೂರು. ಭಾವನ ಸೀನು. ಮೈಕಿನ ಜಗಳ. ಕುರ್ಚಿಯ ಕರ್ರೋ. ಆಮೇಲೆ ಬೀಗದಮ್ಮನ ದನಿ: "ಅಮ್ಮಾ, ನನ್ನ ಮಗಳಿಗೆ ಶಾಲೆಯಲ್ಲಿ ಕಲಿಸಿದ್ರಲ್ಲ, ಮಳೆ ಹಾಡು, ಅದು ಹಾಡ್ತೀರಾ ಇವತ್ತು?" ಅಕ್ಕನ ನಗು. "ಜನರ ಮುಂದೆ ಅದನ್ನ ಯಾರು ಹಾಡ್ತಾರೆ. ನಿಮಗೆ ಈಗಲೇ ಹಾಡ್ತೀನಿ ಇರಿ." ಕಣ್ಮುಚ್ಚಣ್ಣ ಆಗ ವ್ಯಾನಿನ ಹತ್ತಿರ ತಂತಿ ಹುಡುಕುತ್ತಿದ್ದ. ಹಾಡಿನ ಎರಡನೇ ಸಾಲಿಗೆ ಒಂದು ಕುರ್ಚಿಯ ಸದ್ದು ಅಡ್ಡ ಬಂತು. ಆಮೇಲೆ ಕುರ್ಚಿ ಎಳೆಯುವುದು ನಿಂತಿತು. ನಾಲ್ಕು ನಿಮಿಷ ಹಾಡು ಮಾತ್ರ ಇತ್ತು, ಪಿಟೀಲೂ ಇರಲಿಲ್ಲ.

ಅಕ್ಕ ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಬೆಚ್ಚಿದವಳಂತೆ ಹೆಡ್‌ಫೋನ್ ಒತ್ತಿಹಿಡಿದಳು.

"ಇದು ನಾನಾ?"

"ನೀನೇ. ಆದರೆ ಆಮೇಲೆ ಹಾಡಿದ್ದು ಇದಕ್ಕಿಂತ ಚೆನ್ನಾಗಿತ್ತು. ಅದು ಹೋಯ್ತು," ಎಂದ. ಸುಳ್ಳು ಸಮಾಧಾನ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಅದನ್ನ ಎಂಬತ್ತು ಜನ ಕೇಳಿದ್ದಾರೆ. ಇದನ್ನ ಜೋಪಾನ ಮಾಡು." ಅವಳು ಮತ್ತೆ ಮೊದಲಿಂದ ಹಾಕಿಸಿ ಕೇಳಿದಳು. ಹೆಡ್‌ಫೋನ್ ತೆಗೆಯುತ್ತ ತಮ್ಮನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಪೇಪರಿನಲ್ಲಿ ಏನೇನೋ ಬರೆದಿದ್ರು. ನಿಜ ಹೇಳು, ಯಾಕೋ ಕಣ್ಣು ಮುಚ್ಚೋದು ನೀನು?"

"ಹಾಡೋರ ಮುಖ ನೋಡಿದ್ರೆ ನಂಗೆ ನಗು ಬರುತ್ತೆ ಕಣಕ್ಕ," ಎಂದ ಕಣ್ಮುಚ್ಚಣ್ಣ. "ನಿನ್ನದು ನೋಡಿದ್ರಂತೂ ತಡೆಯೋಕೇ ಆಗಲ್ಲ."