ಬೀಸಣಿಗೆ ಬಿಟ್ಟುಬಂದ ಲುವೀನಿಯಾ

ಮೆಂಫಿಸ್ಸಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಅರವತ್ತೆಂಟರ ಲುವೀನಿಯಾ ಪೆಟ್ಟಸ್ ಒಲೆಯ ಮೇಲೆ ಜೋಳದ ಗಂಜಿ ಕುದಿಯುವಷ್ಟು ಹೊತ್ತು ಕಣ್ಮುಚ್ಚಿ ಪ್ರಾರ್ಥಿಸುತ್ತಾರೆ. "ಸ್ವಾಮೀ, ಇವತ್ತು ಹತ್ತರಿಂದ ಹನ್ನೊಂದರ ತನಕ ನಾನು ಸುಳ್ಳು ಹೇಳ್ತೀನಿ. ಆ ಒಂದು ಗಂಟೆ ಸ್ವಲ್ಪ ಆ ಕಡೆ ತಿರುಗ್ಕೊಂಡಿರಪ್ಪ. ಆಮೆನ್."

ಆಮೇಲೆ ಕನ್ನಡಕ ಏರಿಸಿ ಚೀಟಿ ಓದುತ್ತಾರೆ. ಇವತ್ತು ಅವರ ಹೆಸರು ಬರ್ನೀಟಾ, ಗಂಡ ಹಲ್ಲಿನ ಡಾಕ್ಟರು. "ಹೋದ ವಾರದವನು ಲಾರಿ ಓಡಿಸ್ತಿದ್ದ. ವಯಸ್ಸಾದ ಹಾಗೆ ಒಳ್ಳೊಳ್ಳೆ ಗಂಡಂದಿರು ಸಿಗ್ತಿದಾರೆ ನನಗೆ!"

ಅವರ ಕೆಲಸ ಬಾಡಿಗೆ ಮನೆ ಕೇಳುವುದು. ಕಪ್ಪು ಹೆಂಗಸಾದ ಅವರು ಮೊದಲು ಹೋಗುತ್ತಾರೆ. ಗಂಟೆ ಬಿಟ್ಟು ಅದೇ ಮನೆಗೆ ಬಿಳಿಯ ಹೆಂಗಸು ಡಾಟ್ ಹಾಲ್ಕಮ್, ಅಷ್ಟೇ ಸಂಬಳದ, ಅಂಥದೇ ಗಂಡನ ಕಥೆ ಹೊತ್ತು ಹೋಗುತ್ತಾರೆ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಕಂಡದ್ದನ್ನೆಲ್ಲ ಬರೆದು, ತಮ್ಮನ್ನು ಕಳಿಸಿದ ವಸತಿ ಹಕ್ಕುಗಳ ಸಂಸ್ಥೆಗೆ ಒಪ್ಪಿಸಬೇಕು. ಇವರಿಗೆ ಇಲ್ಲವೆಂದ ಮನೆ ಅವರಿಗೆ ಇದೆಯೆಂದಾದರೆ, ಬಣ್ಣ ನೋಡಿ ಬಾಗಿಲು ಹಾಕಿದ್ದಕ್ಕೆ ಅದೇ ಸಾಕ್ಷಿ. ಹತ್ತೊಂಬತ್ತು ವರ್ಷಗಳಲ್ಲಿ ನಾನೂರ ಹನ್ನೆರಡು ಬಾಗಿಲು.

ಮದುವೆಯಾದ ಹೊಸದರಲ್ಲಿ, ತೊಟ್ಟಿಲು ಕಟ್ಟಿದ ಗಾಡಿಯಲ್ಲಿ ಗಂಡನ ಜೊತೆ ಬಾಡಿಗೆ ಮನೆ ಕೇಳುತ್ತಾ ಹನ್ನೊಂದು ಬಾಗಿಲು ಅಲೆದವರು ಅವರು. "ಆಗ ಪುಕ್ಕಟೆ 'ಇಲ್ಲ' ಅನ್ನಿಸ್ಕೊಂಡೆ. ಈಗ ಅದಕ್ಕೇ ಊಟದ ಖರ್ಚು ಕೊಡ್ತಾರೆ. ಬಣ್ಣ ನೋಡಿ ಮನೆ ಇಲ್ಲ ಅನ್ನಬಾರದು ಅನ್ನೋ ಕಾನೂನು ನನಗಿಂತ ಹತ್ತು ವರ್ಷ ಚಿಕ್ಕದು. ಆದರೂ ಅದಕ್ಕೆ ನನ್ನ ಹಾಗೇ ಮಂಡಿನೋವು. ಯಾರಾದ್ರೂ ಕೈ ಹಿಡಿದು ಮೆಟ್ಟಿಲು ಹತ್ತಿಸಬೇಕು."

ಹೋದ ಜುಲೈನಲ್ಲಿ ಆಸ್ಪತ್ರೆಯ ದಾದಿ ಟ್ರೆನೆಲ್ ಗ್ಯಾಂಟ್ ಸಂಸ್ಥೆಗೆ ದೂರು ಕೊಟ್ಟರು. ಫೋನಿನಲ್ಲಿ ಖಾಲಿಯಿದ್ದ ಮನೆ, ಅವರ ಮುಖ ಕಂಡೊಡನೆ ಭರ್ತಿಯಾಗಿತ್ತು. ಶಾಲೆ ಶುರುವಾಗುವುದರೊಳಗೆ ಇಬ್ಬರು ಹೆಣ್ಣುಮಕ್ಕಳಿಗೆ ಸೂರು ಬೇಕಿತ್ತು. ಪರೀಕ್ಷಿಸಲು ಬೆಳಿಗ್ಗೆ ಹತ್ತಕ್ಕೆ ಲುವೀನಿಯಾ ಹೋದರು. ಮ್ಯಾನೇಜರ್ ಕ್ರಿಬ್ಸ್ ಕಚೇರಿಯಲ್ಲಿ ಏಸಿ ಕೆಟ್ಟು ಬೆವೆತು ತೊಪ್ಪೆಯಾಗಿದ್ದ. "ನಿನ್ನೆ ಸಂಜೆ ತಾನೇ ಹೋಯ್ತು, ಮೇಡಂ."

ಭಾನುವಾರ ಹೊಸ ಕಾನಾನ್ ಚರ್ಚಿನಲ್ಲಿ ಬಿಳಿ ಕೈಗವಸು ತೊಟ್ಟು ಜನರನ್ನು ಕೂರಿಸುವುದು, ಬೆವೆತವರ ಕೈಗೆ ಬೀಸಣಿಗೆ ಕೊಡುವುದು ಲುವೀನಿಯಾ ಅವರ ಸೇವೆ. ಕ್ರಿಬ್ಸ್ ಬೆವರು ಕಂಡು ಕೈ ತಾನಾಗಿ ಚೀಲಕ್ಕೆ ಹೋಯಿತು. "ತಗೋ ಮಗಾ, ಬೀಸ್ಕೋ," ಎಂದು ಕೊಟ್ಟೇಬಿಟ್ಟರು. ಏನನ್ನೂ ಬಿಟ್ಟುಬರಬಾರದೆಂಬುದು ಈ ಕೆಲಸದ ಮೊದಲ ನಿಯಮ. ಸಂಸ್ಥೆಯವರು ಬೈದರು: "ಲುವೀನಿಯಮ್ಮಾ, ಪತ್ತೆಗೆ ಹೋದೋರು ಪ್ರಸಾದ ಹಂಚಿ ಬರ್ತಾರಾ?"

ವಿಚಾರಣೆಯ ದಿನ ಕ್ರಿಬ್ಸ್ ಪ್ರಮಾಣ ಮಾಡಿ ಹೇಳಿದ: "ಆವತ್ತು ಬೆಳಿಗ್ಗೆ ಈಯಮ್ಮ ಬಂದೇ ಇಲ್ಲ. ನಾನು ಬಾಗಿಲು ತೆಗೆದಿದ್ದೇ ಹನ್ನೊಂದಕ್ಕೆ." ಟ್ರೆನೆಲ್ ಮುಖ ಬಾಡಿತು. ಆಗ ಸಂಸ್ಥೆಯ ವಕೀಲೆ ಎದ್ದು, ಆವತ್ತು ಡಾಟ್ ಬರೆದುಕೊಟ್ಟಿದ್ದನ್ನು ಓದಿದರು: 'ಹನ್ನೊಂದೂಕಾಲು. ಮನೆ ತೋರಿಸಿದರು. ಅಡುಗೆಮನೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಮ್ಯಾನೇಜರ್ ಕೈಯಲ್ಲಿ ಬೀಸಣಿಗೆ. ಒಂದು ಬದಿ ಹೊಸ ಕಾನಾನ್ ಚರ್ಚಿನ ಚಿತ್ರ, ಇನ್ನೊಂದು ಬದಿ ಶವಸಂಸ್ಕಾರದವರ ಜಾಹೀರಾತು, ಫೋನ್ ನಂಬರು.'

ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ ಕ್ರಿಬ್ಸ್ ಕಡೆ ನೋಡಿದರು. "ನೀವು ಆ ಚರ್ಚಿಗೆ ಹೋಗ್ತೀರಾ?"

"ಇಲ್ಲ ಸ್ವಾಮಿ."

"ಹಾಗಾದ್ರೆ ನಿಮ್ಮ ಶವಸಂಸ್ಕಾರಕ್ಕೆ ಈಗಲೇ ಹೇಳಿಟ್ಟಿದೀರಾ?"

ಸಭೆ ಗೊಳ್ಳೆಂದಿತು. ಕ್ರಿಬ್ಸ್ ಮತ್ತೆ ಬೆವೆತ. ಮನೆ ಟ್ರೆನೆಲ್‌ಗೇ ಕೊಡಬೇಕೆಂದು ಆದೇಶವಾಯಿತು.

ಹೊರಗೆ ಮೆಟ್ಟಿಲ ಮೇಲೆ ಡಾಟ್ ಛೇಡಿಸಿದರು: "ನಾನು ಬರೀದೇ ಇದ್ದಿದ್ರೆ ನಿನ್ನ ಗತಿ ಏನಾಗ್ತಿತ್ತೇ?"

"ನೀನಾದ್ರೋ ಅಡುಗೆಮನೆಗಳನ್ನೆಲ್ಲ ನೋಡ್ಕೊಂಡು ಬಂದೆ. ನಾನು ಹತ್ತೊಂಬತ್ತು ವರ್ಷದಿಂದ ಕಾಲೊರೆಸೋ ಚಾಪೆ ಮೇಲೇ ನಿಂತಿದೀನಿ ಕಣೇ."

ಗಂಜಿ ಮುಗಿದಿದೆ. ಬರ್ನೀಟಾಳ ಕೆಲಸಕ್ಕೆ ಹೊರಡುವ ಮುನ್ನ, ನಿಮಗೇನಾದರೂ ಆಸೆಯಿದೆಯೇ ಎಂದರೆ, ಆಸೆ ಹೋದ ಭಾನುವಾರವೇ ತೀರಿತು ಎನ್ನುತ್ತಾರೆ. ಗೆಣಸಿನ ಕಡುಬು ಹಿಡಿದು ಟ್ರೆನೆಲ್ ಮನೆ ಬಾಗಿಲು ತಟ್ಟಿದರಂತೆ. ಒಳಗಿನಿಂದ ಚಿಕ್ಕವಳು ಕೂಗಿದಳು: "ಯಾರದು?"

"ಒಂದು ಗಳಿಗೆ ನನಗೇ ಗೊತ್ತಾಗಲಿಲ್ಲ, ಚೀಟಿ ಇರಲಿಲ್ಲವಲ್ಲ! ಆಮೇಲೆ ಅಂದೆ, ನಾನು ಲುವೀನಿಯಾ ಪೆಟ್ಟಸ್ ಅಂತ. ಬಾಗಿಲು ತೆಗೆದ್ರು. ಡಾಟ್ ಬರೆದಿದ್ದು ನಿಜ. ಅಡುಗೆಮನೆಗೆ ಬಿಸಿಲು ಚೆನ್ನಾಗಿ ಬೀಳುತ್ತೆ."