ಪರದೆಯ ಮೇಲಿನ ಎರಡನೆಯ ಸಾಲು

ಇದನ್ನು ಹೇಳಿಬಿಡಬೇಕು ಎಂದು ಎಷ್ಟೋ ಸಲ ಕೂತಿದ್ದೇನೆ, ಅಷ್ಟೇ ಸಲ ಎದ್ದು ಹೋಗಿದ್ದೇನೆ. ಒಮ್ಮೆ ಮಂಡಿನೋವಿನ ನೆಪ, ಒಮ್ಮೆ ಮಗಳ ಮನೆಯ ಗೃಹಪ್ರವೇಶ, ಇನ್ನೊಮ್ಮೆ ಕನ್ನಡಕ ಬದಲಾಯಿಸಿದ ಮೇಲೆ ನೋಡೋಣ ಎನ್ನುವುದು. ಕನ್ನಡಕ ಬಂದೂ ಬಹಳ ಕಾಲವಾಯಿತು. ನಿಜ ಏನೆಂದರೆ, ನಾನು ಹೇಳಿದ ಸುಳ್ಳನ್ನು ನನ್ನದೇ ಅಕ್ಷರದಲ್ಲಿ ನೋಡಲು ನನಗೆ ಧೈರ್ಯವಿರಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಕಲಿತು, ಎರಡು ಸಾವಿರದ ದಶಕ ಶುರುವಾಗುವ ಹೊತ್ತಿಗೆ ಅಲ್ಲೇ ಸೂಪರ್‌ವೈಸರ್ ಆಗಿದ್ದೆ. ಆಮೇಲೆ ನಮ್ಮಲ್ಲಿ ತಾನೇ ಲೋಹ ಕತ್ತರಿಸುವ ಮಿಲ್ಲಿಂಗ್ ಯಂತ್ರ ಬಂತು. ಯಾವ ಕಡೆ ಎಷ್ಟು ಸರಿಯಬೇಕು, ಎಷ್ಟು ಇಳಿಯಬೇಕು ಎಂಬುದನ್ನೆಲ್ಲ ಸಾಲು ಸಾಲಾಗಿ ಒಂದು ಪಿಸಿಯಲ್ಲಿ ಟೈಪ್ ಮಾಡಿ, ಕೇಬಲ್ಲಿನ ಮೂಲಕ ಯಂತ್ರಕ್ಕೆ ಕಳಿಸಬೇಕು. ನೂರರ ನಂತರ ದಶಮಾಂಶದ ಚುಕ್ಕೆ ಇಡಲು ಮರೆತರೆ ಆ ಯಂತ್ರಕ್ಕೆ ಅದು ನೂರು ಮಿಲಿಮೀಟರ್ ಅಲ್ಲ, ಒಂದು ಕೂದಲೆಳೆಯಷ್ಟು.

ಇಂಥ ತಪ್ಪುಗಳನ್ನು ಮೊದಲೇ ಹಿಡಿಯುವ ಪ್ರೋಗ್ರಾಂ ಬರೆಯಲು ಮಾಲೀಕರು ಒಬ್ಬ ಹುಡುಗಿಯನ್ನು ತೆಗೆದುಕೊಂಡರು. ಗದಗದ ಕಡೆಯವಳು, ಡಿಪ್ಲೊಮಾ ಮುಗಿಸಿದವಳು, ವಿಜಯನಗರದ ಪಿ.ಜಿ.ಯೊಂದರಲ್ಲಿದ್ದಳು. ಕೆಲಸ ಖಾಯಂ ಅಲ್ಲ. ಅವಳ ಪ್ರೋಗ್ರಾಂ ಸರಿಯಾಗಿ ನಡೆದರೆ ಮಾಡುತ್ತೇವೆ ಎಂದಿದ್ದರು. ಆಗದಿದ್ದರೆ ಊರಿಗೆ ವಾಪಸ್ಸು ಹೋಗಿ, ಮನೆಯವರು ನೋಡಿಟ್ಟಿದ್ದ ಗಂಡಿಗೆ ಕೊರಳೊಡ್ಡಬೇಕಿತ್ತು. ಊಟದ ಹೊತ್ತಿನಲ್ಲಿ ಅವಳೇ ಸ್ಟೋರ್ಸಿನ ಹೆಂಗಸಿಗೆ ಹೇಳಿದ್ದಳು. ನಮಗೆಲ್ಲ ಗೊತ್ತಿತ್ತು.

ಅವಳ ಪ್ರೋಗ್ರಾಮಿನಲ್ಲಿ ಚಿತ್ರವಿಲ್ಲ, ಬಟನ್ನಿಲ್ಲ. ಕಪ್ಪು ಪರದೆಯ ಮೇಲೆ ಅದರ ಹೆಸರು ಟೈಪ್ ಮಾಡಿ, ಪಕ್ಕದಲ್ಲಿ ನಾವು ಟೈಪ್ ಮಾಡಿಟ್ಟ ಸಾಲುಗಳ ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಬೇಕು. ಅದು ಫೈಲನ್ನು ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಇಷ್ಟನೇ ಸಾಲು ಎಂದು ಹೇಳಿ ನಿಲ್ಲುತ್ತಿತ್ತು. ತಪ್ಪಿಲ್ಲದಿದ್ದರೆ ಮಾತ್ರ ಯಂತ್ರಕ್ಕೆ ಕಳಿಸುತ್ತಿತ್ತು. ಮೊದಮೊದಲು ನಾವು ಫೈಲಿನ ಹೆಸರಿನ ನಡುವೆ ಜಾಗ ಬಿಡುತ್ತಿದ್ದೆವು, ಅರ್ಧ ಹೆಸರು ಕೊಡುತ್ತಿದ್ದೆವು, ಕೆಲವರು ಬರೀ ಎಂಟರ್ ಒತ್ತುತ್ತಿದ್ದರು. ಅವಳು ಬೇಸರಿಸದೆ ನಮ್ಮ ಹಿಂದೆ ಸ್ಟೂಲ್ ಹಾಕಿಕೊಂಡು ಕೂತಳು.

"ನೀವು ಸರಿ ಹೊಡಿಯೋದು ನನಗ ಬ್ಯಾಡ್ರಿ. ಏನೇನು ತಪ್ಪು ಹೊಡೀತೀರಿ ಅದು ಬೇಕು," ಎಂದಳು.

ನಮಗೆ ತಿಳಿಯಲಿ ಎಂದು ತಪ್ಪಿನ ಸೂಚನೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡದಲ್ಲಿ ಬರೆದಳು. ಫೈಲು ಇಲ್ಲದಿದ್ದರೆ "ಫೈಲ್ ಸಿಗವಲ್ದು, ಹೆಸರು ನೋಡ್ರಿ" ಎಂದು ಬರುತ್ತಿತ್ತು.

"ಏನಮ್ಮ, ನಿನ್ ಜೊತೆ ಸೇರಿ ನಮ್ ಕಂಪ್ಯೂಟ್ರೂ ಗದಗದ ಭಾಷೆ ಕಲ್ತ್‌ಬಿಡ್ತಲ್ಲ," ಎಂದು ಒಬ್ಬ ಆಪರೇಟರ್ ರೇಗಿಸಿದ.

"ನಿಮ್ಮ ಬೆಂಗಳೂರು ಭಾಷಾದಾಗ ಬರದ್ರ ಅದು ಅರ್ಧಾ ಶಬ್ದ ನುಂಗ್ತೈತ್ರಿ ಅಣ್ಣ," ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಿರಿಯನಾದ ನನ್ನನ್ನು ಬಿಟ್ಟು ಎಲ್ಲರೂ ಅವಳನ್ನು ಕೇಳಲು ಶುರು ಮಾಡಿದ್ದರು.

ಜಗಳ ಬಂದದ್ದು ಶ್ರೀಕಾರದಿಂದ. ನಾನು ಯಾವ ಕೆಲಸಕ್ಕೆ ಕೂತರೂ ಹಾಳೆಯ ನೆತ್ತಿಯ ಮೇಲೆ ಶ್ರೀ ಬರೆದೇ ಶುರು ಮಾಡುವವನು. ಪಿಸಿ ಬಂದ ಮೇಲೂ ಯಂತ್ರಕ್ಕೆ ಕಳಿಸುವ ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಅದನ್ನು ಟೈಪ್ ಮಾಡುತ್ತಿದ್ದೆ. ನನ್ನನ್ನು ನೋಡಿ ಉಳಿದವರೂ ಕಲಿತರು. ಯಂತ್ರದ ಸಾಲುಗಳು ಶುರುವಾಗುವ ಕಡೆ ಒಂದು ಶೇಕಡಾ ಚಿಹ್ನೆ ಹಾಕುತ್ತೇವೆ. ಅದಕ್ಕಿಂತ ಮೇಲೆ ಏನಿದ್ದರೂ ಯಂತ್ರ ಓದುವುದಿಲ್ಲ, ಆದ್ದರಿಂದ ತೊಂದರೆಯಿರಲಿಲ್ಲ. ಅವಳ ಪ್ರೋಗ್ರಾಂ ಮಾತ್ರ ಪ್ರತಿ ಸಲ "ಒಂದನೇ ಸಾಲು ತಿಳಿಯಂಗಿಲ್ಲ" ಎಂದು ಹೇಳಿ ನಿಂತುಬಿಡುತ್ತಿತ್ತು.

"ಆ ಸಾಲು ಬಿಟ್ಬಿಡೋ ಹಾಗೆ ಮಾಡಮ್ಮ," ಎಂದೆ.

"ಆಗಂಗಿಲ್ರಿ ಸರ್. ಕೆಲಸದ ಸಾಲೂ ಕೆಲವೊಮ್ಮೆ ತಪ್ಪಿ ಅಲ್ಲಿ ಮ್ಯಾಲೆ ಬಿದ್ದಿರ್ತದ. ಮಷೀನು ಸುಮ್ಮನ ಬಿಟ್ಟು ಹೋಗ್ತದ, ಹೇಳಂಗಿಲ್ಲ. ಅದಕ್ಕ ನಾ ಹೇಳಬೇಕು. ನೀವು ಚಿಹ್ನೆ ಆದಮ್ಯಾಲೆ ಬ್ರಾಕೆಟ್‌ನಾಗ ಶ್ರೀ ಬರೀರಿ, ಅದನ್ನ ಮಷೀನೂ ಓದಂಗಿಲ್ಲ, ನನ್ನ ಪ್ರೋಗ್ರಾಮೂ ಏನೂ ಅನ್ನಂಗಿಲ್ಲ."

"ದೇವರ ಹೆಸರನ್ನ ತಗೊಂಡೋಗಿ ಬ್ರಾಕೆಟ್ಟಲ್ಲಿ ಕೂರಿಸ್ತೀಯಾ?"

ಆ ಮಾತು ಭಕ್ತಿಯಿಂದ ಬಂದದ್ದಲ್ಲ. ಬ್ರಾಕೆಟ್ಟಿನಲ್ಲಿ ಬರೆದರೆ ದೇವರಿಗೇನೂ ಕಡಿಮೆಯಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಮಾಲೀಕರ ಹತ್ತಿರ ಹೋಗಿ, ಶ್ರೀ ಬರೆದರೆ ತಪ್ಪು ಅನ್ನುತ್ತೆ ಸಾರ್ ಅದು, ಎಂದು ಚಾಡಿ ಹೇಳಿದೆ. ಅವರು ಅವಳನ್ನು ಕರೆದು, ನಿಲ್ಲದ ಹಾಗೆ ಮಾಡು ಎಂದರು. ಖಾಯಂ ಆಗಬೇಕಾದವಳು ಏನು ತಾನೇ ಮಾಡಿಯಾಳು? ಫೈಲಿನ ಹೆಸರಿನ ಮುಂದೆ ಇನ್ನೊಂದು ಅಕ್ಷರ ಹಾಕಿದರೆ, ತಪ್ಪಿದ್ದರೂ ನಿಲ್ಲದೆ ಎಲ್ಲವನ್ನೂ ಪರದೆಯ ಮೇಲೆ ತೋರಿಸಿ, ಕೊನೆಗೆ "ಕಳಿಸಲೇನು?" ಎಂದು ಕೇಳುವ ಹಾಗೆ ಮಾಡಿಕೊಟ್ಟಳು. ಹೌದಾದರೆ ವೈ ಕೀಲಿ ಒತ್ತಬೇಕು.

"ಸರ್, ಪೂರ್ತಿ ಓದಿ ಆಮ್ಯಾಲೆ ವೈ ಒತ್ರಿ. ಶ್ರೀ ಒಂದಽ ಇದ್ರ ಚಿಂತಿಲ್ಲ. ಅದರ ಕೆಳಗ ಇನ್ನೊಂದು ಬಂದ್ರ ಒತ್ತಬ್ಯಾಡ್ರಿ."

ಕೆಲವು ದಿನ ಓದಿದೆ. ಪ್ರತಿ ಸಲವೂ ಅದೇ ಒಂದು ಸಾಲು. ಆಮೇಲೆ ಕೈ ತಾನಾಗಿಯೇ ವೈ ಒತ್ತುವುದನ್ನು ಕಲಿಯಿತು.

ಒಂದು ಮಧ್ಯಾಹ್ನ ಪಂಪಿನ ಕವಚವೊಂದನ್ನು ಕತ್ತರಿಸಬೇಕಿತ್ತು. ಅದರ ಫೈಲು ಟೈಪ್ ಮಾಡಿದ್ದು ನಾನೇ. ಕತ್ತರಿಸುವ ಉಪಕರಣ ನೂರು ಮಿಲಿಮೀಟರ್ ಮೇಲೆದ್ದು ಪಕ್ಕಕ್ಕೆ ಸರಿಯಬೇಕಾದ ಕಡೆ, ನೂರರ ನಂತರದ ಚುಕ್ಕೆ ಇಡಲು ಮರೆತಿದ್ದೆ. ಪರದೆಯ ಮೇಲೆ ಎರಡು ಸಾಲು ಬಂದವು. ಎರಡಿವೆ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು, ಇದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಓದಲಿಲ್ಲ. ವೈ ಒತ್ತಿ ಯಂತ್ರದ ಹತ್ತಿರ ಹೋದೆ. ಉಪಕರಣ ಕೂದಲೆಳೆಯಷ್ಟು ಎದ್ದು, ಪೂರ್ತಿ ವೇಗದಲ್ಲಿ ಪಕ್ಕಕ್ಕೆ ಹೊರಟು, ಕವಚವನ್ನು ಹಿಡಿದಿದ್ದ ಕ್ಲ್ಯಾಂಪಿಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಉಪಕರಣವನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ಹಾಳಾಯಿತು.

ಜನ ಸೇರುವುದರೊಳಗೆ ನಾನು ಮಾಡಿದ ಮೊದಲ ಕೆಲಸ ಪಿಸಿಯ ಹತ್ತಿರ ಹೋಗಿ ಆ ಪರದೆಯನ್ನು ಮುಚ್ಚಿದ್ದು.

"ಚೆಕ್ ಮಾಡಿದ್ರಾ?" ಎಂದರು ಮಾಲೀಕರು.

"ಮಾಡ್ದೆ ಸಾರ್. ಶ್ರೀ ಬಿಟ್ರೆ ಇನ್ನೇನೂ ತೋರಿಸ್ಲಿಲ್ಲ."

ಅವಳು ಓಡಿ ಬಂದಳು. ಎಲ್ಲರೆದುರಿಗೆ ಅದೇ ಫೈಲನ್ನು ಮತ್ತೆ ಕೊಟ್ಟಳು. ಎರಡು ಸಾಲೂ ಬಂದವು. ಎರಡನೆಯದು, ಚುಕ್ಕೆ ಇಲ್ಲ ಎಂದು ಸಾಲಿನ ಸಂಖ್ಯೆಯ ಸಮೇತ ಹೇಳುತ್ತಿತ್ತು. ಮಾಲೀಕರು ನನ್ನ ಮುಖ ನೋಡಿದರು. ಆಗಲಾದರೂ ಬಾಯಿ ಬಿಡಬಹುದಿತ್ತು.

"ಆಗ ಒಂದೇ ಬಂದಿದ್ದು ಸಾರ್. ಬೆಳಗ್ಗೆಯಿಂದ ಅದರಲ್ಲಿ ಏನೋ ಬದಲಾಯಿಸ್ತಾ ಇದ್ಲು. ಈಗ ಸರಿ ಮಾಡ್ಕೊಂಡು ತೋರಿಸ್ತಾ ಇದಾಳೆ."

"ನಾ ಅದನ್ನ ಮುಟ್ಟೇ ಇಲ್ರಿ," ಎಂದಳು. ಮತ್ತೆ ನನ್ನ ಕಡೆ ತಿರುಗಿ, "ಸರ್, ನೀವು ಹೇಳ್ರಿ," ಎಂದಳು.

ನಾನು ಬನಿಯನ್ ಬಟ್ಟೆಯ ಚಿಂದಿಯಿಂದ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ನಿಂತೆ. ಇಷ್ಟು ವರ್ಷ ಅಲ್ಲೇ ಇದ್ದವನ ಮಾತಿಗೂ ಹೊಸದಾಗಿ ಬಂದವಳ ಮಾತಿಗೂ ಯಾವುದಕ್ಕೆ ತೂಕ ಎಂದು ನನಗೆ ಗೊತ್ತಿತ್ತು. ಆ ತಿಂಗಳು ಮುಗಿಯುತ್ತಲೇ ಅವಳಿಗೆ ಬೇಡವೆಂದರು. ಹೋಗುವ ದಿನ ನನ್ನ ಮೇಜಿನ ಹತ್ತಿರವೂ ಬಂದು, "ಬರ್ತೀನ್ರಿ ಸರ್," ಎಂದಳು. ನಾನು ಹ್ಞೂಂ ಎಂದೆ, ತಲೆ ಎತ್ತಲಿಲ್ಲ. ಅವಳು ಬರೆದ ಪ್ರೋಗ್ರಾಮನ್ನು ಯಾರೂ ತೆಗೆಯಲಿಲ್ಲ. ನಾನು ಇರುವವರೆಗೂ ಅದರಲ್ಲೇ ಚೆಕ್ ಮಾಡಿದೆವು, ಅದು ಒಂದು ದಿನವೂ ತಪ್ಪು ಹೇಳಲಿಲ್ಲ. ಅವಳು ಊರಿಗೆ ಹೋದಳು ಎಂದು ಸ್ಟೋರ್ಸಿನ ಹೆಂಗಸಿನಿಂದ ತಿಳಿಯಿತು. ಮದುವೆಯಾಯಿತಂತೆ ಎಂಬುದೂ ಆಮೇಲೆ ತಿಳಿಯಿತು.

ನಿವೃತ್ತನಾಗಿ ಕೆಂಗೇರಿ ಉಪನಗರಕ್ಕೆ ಬಂದ ಮೇಲೆ ಒಮ್ಮೆ ಮಾಲೀಕರ ಮನೆಗೆ ಹೋಗಿ, ಸ್ಪಿಂಡಲ್ ಹಾಳು ಮಾಡಿದ್ದು ನಾನೇ, ಆ ಪ್ರೋಗ್ರಾಂ ತಪ್ಪನ್ನು ತೋರಿಸಿತ್ತು, ಓದದೆ ಒತ್ತಿದೆ, ಕ್ಷಮಿಸಿ ಎಂದೆ. ಅವರು ನಕ್ಕರು.

"ಅಯ್ಯೋ ಬಿಡಿ ಯಜಮಾನ್ರೆ, ಆ ಮಷೀನೇ ಗುಜರಿಗೆ ಹೋಗಾಯ್ತು. ಕಾಫಿ ಕುಡೀರಿ."

"ಆ ಹುಡುಗಿ, ಸಾರ್..."

"ಯಾವ ಹುಡುಗಿ?"

ಕಾಫಿ ಕುಡಿದು ಬಂದೆ. ಸ್ಪಿಂಡಲ್ ಅವರದಾಗಿತ್ತು, ಅವರು ಮಾಫಿ ಮಾಡಿದರು. ನಾನು ಕ್ಷಮೆ ಕೇಳಬೇಕಾಗಿದ್ದದ್ದು, ಇವತ್ತಿನವರೆಗೂ ಕೇಳದೇ ಉಳಿದದ್ದು, ಆ ಗದಗದ ಹುಡುಗಿಯನ್ನು.